ಅನಿತ್ಯ ಬೇರೆ, ಅತಂತ್ರ ಬೇರೆ

ಇಂದಿನ ಚಿಂತನೆ.

ಕಳೆದ ಭಾನುವಾರ ನಮ್ಮ ಅಧ್ಯಯನದಲ್ಲಿ ಅನಿಚ್ಚದ ಪಾಠ ನಡೆದಿತ್ತು. ಕೊನೆಗೆ ವಕೀಲಿ ವೃತ್ತಿಯಲ್ಲಿರುವ ತಂಗಿಯೊಬ್ಬರು ಒಂದು ಪ್ರಶ್ನೆ ಇಟ್ಟರು. "ಕೊರೊನಾ ಕಾಲದಲ್ಲಿ ನಮ್ಮ ವಕೀಲರ ಪರೀಕ್ಷೆ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಆಗ ಎಲ್ಲರೂ ಹೇಳಿದ್ದು ಒಂದೇ ಮಾತು: ಎಲ್ಲವೂ ಅನಿತ್ಯ, ಸಮಾಧಾನದಿಂದಿರು ಅಂತ. ನನಗೆ ಸಮಾಧಾನ ಬರಲಿಲ್ಲ, ಸಿಟ್ಟು ಬಂತು. ಧಮ್ಮ ನನಗೆ ಅರ್ಥವಾಗಿಲ್ಲ ಅಂತಲೇ ಇದರ ಅರ್ಥ?"

ಈ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಡುವುದು ಸರಿಯಲ್ಲ ಅನಿಸಿತು. ಅದಕ್ಕೆ ಇವತ್ತು ಇದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ಸಂಗತಿ ಏನೆಂದು ನೋಡೋಣ. ಕಾನೂನು ಪದವಿ ಪಡೆದವರು ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಎರಡು ವರ್ಷದೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಆಗಲೇ ವೃತ್ತಿ ಮಾಡುವ ಪೂರ್ಣ ಪ್ರಮಾಣಪತ್ರ. ನೂರು ಪ್ರಶ್ನೆಗಳ ಪತ್ರಿಕೆ, ಕನ್ನಡದಲ್ಲೂ ಬರೆಯಬಹುದು. ಇದರ ಹದಿನೈದನೆಯ ಪರೀಕ್ಷೆ 2020ರ ಆಗಸ್ಟ್ 16ಕ್ಕೆ ನಿಗದಿಯಾಗಿತ್ತು. ಅದು ನವೆಂಬರ್ 8ಕ್ಕೆ ಹೋಯಿತು, ಕೊನೆಗೆ ನಡೆದದ್ದು 2021ರ ಜನವರಿ 24ರಂದು. ಅದರ ಮುಂದಿನ ಪರೀಕ್ಷೆಗೆ ಏಪ್ರಿಲ್ 25 ಎಂದು ಗೊತ್ತಾಗಿದ್ದಾಗ ಎರಡನೇ ಅಲೆ ಬಂತು. ಅದು ನಡೆದದ್ದು ಅಕ್ಟೋಬರ್ 31ಕ್ಕೆ.

ಪರೀಕ್ಷೆ ಮುಂದೂಡಿದ್ದು ತಪ್ಪು ಎಂದು ಯಾರೂ ಹೇಳಲಾರರು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ದಿನಗಳಲ್ಲಿ ಸಾವಿರಾರು ಜನರನ್ನು ಪರೀಕ್ಷಾ ಕೊಠಡಿಗೆ ಕರೆಯುವುದು ಕರುಣೆಯ ಕೆಲಸವಲ್ಲ. ಆದರೆ ಮುಂದೂಡುವುದೂ ಪುಕ್ಕಟೆಯಲ್ಲ. ಕೋರ್ಟುಗಳು ತುರ್ತು ಪ್ರಕರಣಗಳನ್ನಷ್ಟೇ, ಅದೂ ವಿಡಿಯೋ ಮೂಲಕ ನಡೆಸುತ್ತಿದ್ದ ಕಾಲ ಅದು. ಹೊಸ ಕಿರಿಯ ವಕೀಲರಿಗೆ ಕೆಲಸವೂ ಇಲ್ಲ, ಪ್ರಮಾಣಪತ್ರವೂ ಇಲ್ಲ. ಅಪ್ಪ ವಕೀಲರಾಗಿದ್ದು ಮನೆಯಲ್ಲೇ ಕಚೇರಿ ಇರುವ ಹುಡುಗನಿಗೆ ಆರು ತಿಂಗಳು ಎಂದರೆ ಓದಿಕೊಳ್ಳಲು ಸಿಕ್ಕ ರಜೆ. ಕೂಲಿ ಮಾಡಿ ಓದಿಸಿದ ಅವ್ವನ ಮಗಳಿಗೆ ಅದೇ ಆರು ತಿಂಗಳು ಎಂದರೆ ಕೈಸಾಲ, ಬಡ್ಡಿ, "ಇಷ್ಟು ಓದಿ ಏನಾಯ್ತು, ಮದುವೆ ಮಾಡಿ" ಎನ್ನುವ ನೆಂಟರ ಮಾತು. ಹಾಸ್ಟೆಲ್ ಮುಚ್ಚಿದ್ದರಿಂದ ಓದಲು ಜಾಗವಿಲ್ಲ. ಒಂದೇ ಮೊಬೈಲು, ಅದೂ ತಮ್ಮನ ಆನ್‌ಲೈನ್ ಕ್ಲಾಸಿಗೆ.

ಹಾಗಾಗಿ ಅಂದು ನಮ್ಮ ಮಕ್ಕಳಲ್ಲೇ ಎರಡು ದನಿ ಇದ್ದವು. "ಈಗಲೇ ನಡೆಸಿ, ನಾವು ದುಡಿಯಬೇಕು" ಎನ್ನುವವರು ಕೆಲವರು. "ಈಗ ಬೇಡ, ಊರಿಂದ ಬರಲು ಬಸ್ಸಿಲ್ಲ, ಮನೆಯಲ್ಲಿ ಕಾಯಿಲೆಯವರಿದ್ದಾರೆ" ಎನ್ನುವವರು ಕೆಲವರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಪರೀಕ್ಷೆಯೇ ಇಲ್ಲದೆ ಪಾಸು ಮಾಡಲಿ ಎನ್ನಲೂ ನಮ್ಮವರಿಗೆ ಧೈರ್ಯ ಬರುತ್ತಿರಲಿಲ್ಲ. "ಕೋಟಾದವರು" ಎಂಬ ಚುಚ್ಚುಮಾತಿನ ಮೇಲೆ "ಕೊರೊನಾ ಪಾಸು" ಎಂಬ ಇನ್ನೊಂದು ಬೀಳುತ್ತಿತ್ತು. ಪರೀಕ್ಷೆ ಬರೆದು ಗೆದ್ದೆ ಎಂದು ಹೇಳಿಕೊಳ್ಳುವ ಹಕ್ಕು ನಮಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ.

ಈಗ ಧಮ್ಮದ ಮಾತು. ಸಂಯುತ್ತ ನಿಕಾಯದ ಸಲ್ಲತ್ಥ ಸುತ್ತದಲ್ಲಿ ಭಗವಾನರು ಎರಡು ಬಾಣಗಳ ಹೋಲಿಕೆ ಕೊಡುತ್ತಾರೆ. ಮೈಗೆ ತಾಗುವ ನೋವು ಮೊದಲನೆಯ ಬಾಣ. ಆ ನೋವನ್ನು ನೆನೆದು ಗೋಳಾಡಿ ಮನಸ್ಸು ತಾನೇ ಚುಚ್ಚಿಕೊಳ್ಳುವುದು ಎರಡನೆಯದು. ಮೊದಲನೆಯದು ತಿಳಿದವರಿಗೂ ತಪ್ಪಿದ್ದಲ್ಲ. ಎರಡನೆಯದನ್ನು ಅಭ್ಯಾಸದಿಂದ ತಪ್ಪಿಸಿಕೊಳ್ಳಬಹುದು. ಪರೀಕ್ಷೆಗೆ ಕಾಯುತ್ತಿದ್ದ ಮಕ್ಕಳಿಗೆ ಇದು ನಿಜವಾಗಿಯೂ ಬೇಕಾದ ಪಾಠ. ರಾತ್ರಿಯೆಲ್ಲ ಮೊಬೈಲು ತಿಕ್ಕುತ್ತ ಹೊಸ ಸುತ್ತೋಲೆ ಬಂತೇ ಎಂದು ನೋಡುವುದರಿಂದ ದಿನಾಂಕ ಬರುವುದಿಲ್ಲ, ನಿದ್ದೆ ಹೋಗುತ್ತದೆ.

ಆದರೆ ಸಮಾಜದಲ್ಲಿ ಬದುಕುವವರಿಗೆ ಈ ಎರಡರ ನಡುವೆ ಇನ್ನೊಂದು ಬಾಣವೂ ತಾಗುತ್ತದೆ. ಅದು ರೋಗ ಹೊಡೆದದ್ದಲ್ಲ, ನಮ್ಮ ಮನಸ್ಸು ಹೊಡೆದದ್ದೂ ಅಲ್ಲ. ಇನ್ನೊಬ್ಬ ಮನುಷ್ಯ, ಒಂದು ಕಚೇರಿ, ಒಂದು ವ್ಯವಸ್ಥೆ ಹೊಡೆದದ್ದು. ವೈರಸ್ಸು ಬಂದದ್ದು ಅನಿತ್ಯ. "ಮುಂದಿನ ಸೂಚನೆಯವರೆಗೆ" ಎಂದು ಒಂದು ಸಾಲು ಬರೆದು, ಆ ಸೂಚನೆ ಯಾವಾಗ, ಕಟ್ಟಿದ ಶುಲ್ಕದ ಗತಿ ಏನು, ಗಡುವು ಮುಗಿದವರು ಏನು ಮಾಡಬೇಕು ಎಂದು ಹೇಳದಿದ್ದರೆ ಅದು ಅತಂತ್ರ. ಆ ಕಾಲದಲ್ಲಿ ನಾವು ಎಷ್ಟು ಕಚೇರಿಗಳ ಬಾಗಿಲಲ್ಲಿ ಈ ಒಂದು ಸಾಲು ಓದಿದೆವೋ ಲೆಕ್ಕವಿಲ್ಲ. ಅನಿತ್ಯ ಪ್ರಕೃತಿಯ ನಿಯಮ. ಅತಂತ್ರ ಮನುಷ್ಯರು ಮನುಷ್ಯರಿಗೆ ಮಾಡುವುದು. ಇವೆರಡನ್ನೂ ಒಂದೇ ಚೀಲಕ್ಕೆ ಹಾಕಿ "ತಾಳಿಕೋ" ಎನ್ನುವುದು ಹಳೆಯ ಕರ್ಮಸಿದ್ಧಾಂತ ಹೊಸ ಬಟ್ಟೆ ತೊಟ್ಟು ಬಂದಂತೆ. ಬಾಬಾಸಾಹೇಬರು "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಬಡವರ ದುಃಖಕ್ಕೆ ಅವರ ಹಿಂದಿನ ಜನ್ಮವೇ ಕಾರಣ ಎನ್ನುವುದನ್ನು ತಳ್ಳಿಹಾಕಿದ್ದು ಇದಕ್ಕೇ. ಧಮ್ಮ ಎಂದರೆ ಮನುಷ್ಯ ಮನುಷ್ಯನೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದು. ಹಾಗಿದ್ದ ಮೇಲೆ ಕಾಯಿಸುವವರು ಕಾಯುವವರೊಡನೆ ಹೇಗೆ ನಡೆದುಕೊಂಡರು ಎಂಬುದೂ ಧಮ್ಮದ ಪ್ರಶ್ನೆಯೇ.

ಬಾಬಾಸಾಹೇಬರ ಬದುಕನ್ನೇ ನೋಡಿ. 1916ರಲ್ಲಿ ಅವರು ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿಗಾಗಿ ಗ್ರೇಸ್ ಇನ್ ಸೇರಿದರು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೂ ಓದು ಶುರುಮಾಡಿದರು. 1917ರಲ್ಲಿ ಬರೋಡದ ವಿದ್ಯಾರ್ಥಿವೇತನ ಮುಗಿದು, ಓದು ಅರ್ಧಕ್ಕೇ ನಿಂತು ಹಿಂತಿರುಗಬೇಕಾಯಿತು. ಮೊದಲ ಮಹಾಯುದ್ಧದ ಕಾಲ. ಅವರ ಪುಸ್ತಕಗಳಿದ್ದ ಸಾಮಾನು ಹೊತ್ತ ಹಡಗು ಜಲಾಂತರ್ಗಾಮಿಯ ದಾಳಿಗೆ ಮುಳುಗಿತು. 1918ರಲ್ಲಿ ಮುಂಬಯಿಯನ್ನು ಇನ್‌ಫ್ಲುಯೆಂಜಾ ಪಿಡುಗು ನಲುಗಿಸಿತು. ಎಲ್ಲವೂ ಅಲುಗಾಡುತ್ತಿದ್ದಾಗ ಒಂದು ಮಾತು ಮಾತ್ರ ಗಟ್ಟಿಯಾಗಿತ್ತು: ನಾಲ್ಕು ವರ್ಷದೊಳಗೆ ಮರಳಿ ಬಂದರೆ ಓದು ಮುಂದುವರಿಸಬಹುದು ಎಂದು ಲಂಡನ್ನಿನಲ್ಲಿ ಅನುಮತಿ ಸಿಕ್ಕಿತ್ತು. ಆ ಗಡುವನ್ನು ಕಣ್ಣ ಮುಂದಿಟ್ಟುಕೊಂಡು ಅವರು ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಮಾಡಿದರು, ಸಂಬಳ ಉಳಿಸಿದರು, ಗೆಳೆಯರಿಂದ ಸಾಲ ಪಡೆದರು, 1920ರಲ್ಲಿ ಹಡಗು ಹತ್ತಿದರು. ಬ್ಯಾರಿಸ್ಟರ್ ಆಗಿ ಬಂದ ಮೇಲೂ ವಕೀಲಿ ಸನದಿಗೆ ದುಡ್ಡಿರಲಿಲ್ಲ. ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯರು ನೆರವಾದರು. ನಾಲ್ಕು ವರ್ಷ ಎಂಬ ಒಂದು ಖಚಿತ ಮಾತು ಇಲ್ಲದಿದ್ದರೆ ಆ ಮನುಷ್ಯ ಎಷ್ಟೇ ಗಟ್ಟಿಗನಾದರೂ ಯಾವುದನ್ನು ನಂಬಿ ಲೆಕ್ಕ ಹಾಕಬೇಕಿತ್ತು?

ಅನಿಚ್ಚವನ್ನು ಬೋಧಿಸಿದ ಬುದ್ಧರೂ ತಮ್ಮ ಸಂಘವನ್ನು ಅತಂತ್ರದಲ್ಲಿ ಇಡಲಿಲ್ಲ. ವಸ್ಸಾವಾಸಕ್ಕೆ ಮೂರು ತಿಂಗಳೆಂದು ಗೊತ್ತುಮಾಡಿದರು, ಉಪೋಸಥಕ್ಕೆ ದಿನ ಇಟ್ಟರು. ಮಹಾಪರಿನಿಬ್ಬಾನ ಸುತ್ತದ ಪ್ರಕಾರ, ತಮ್ಮ ಪರಿನಿಬ್ಬಾನ ಮೂರು ತಿಂಗಳಲ್ಲಿ ಆಗುವುದೆಂದು ವೈಶಾಲಿಯಲ್ಲಿ ಭಿಕ್ಖುಗಳಿಗೆ ಮೊದಲೇ ತಿಳಿಸಿದರು. ತನ್ನ ಸಾವಿನ ವಿಷಯದಲ್ಲೂ ಶಿಷ್ಯರು ಸಿದ್ಧರಾಗಲಿ ಎಂದು ಅವಧಿ ಹೇಳಿದ ಗುರು ಅವರು. ಲೋಕ ಅನಿತ್ಯ ಎಂದು ತಿಳಿದವನೇ ತನ್ನ ಮಾತನ್ನು ಹೆಚ್ಚು ಗಟ್ಟಿಯಾಗಿ ಇಟ್ಟುಕೊಳ್ಳುತ್ತಾನೆ, ಯಾಕೆಂದರೆ ಮಿಕ್ಕದ್ದು ಯಾವುದೂ ಗಟ್ಟಿಯಿಲ್ಲ ಎಂದು ಅವನಿಗೆ ಗೊತ್ತು.

ಹಾಗಾಗಿ ಆ ತಂಗಿಗೆ ನನ್ನ ಉತ್ತರ ಇಷ್ಟು. ಸಮಚಿತ್ತ ನಿನಗಾಗಿ ನೀನು ಮಾಡಿಕೊಳ್ಳುವ ಅಭ್ಯಾಸ. ಅದನ್ನು ಇನ್ನೊಬ್ಬರು ನಿನ್ನ ಮೇಲೆ ಹೇರಿದರೆ ಅದು ಬಾಯಿ ಮುಚ್ಚಿಸುವ ಉಪಾಯ. ನಿನಗೆ ಸಿಟ್ಟು ಬಂದದ್ದು ಧಮ್ಮ ತಿಳಿಯದ್ದಕ್ಕಲ್ಲ, ಕೊಟ್ಟ ಬೋಧನೆ ತಪ್ಪು ವಿಳಾಸಕ್ಕೆ ಬಂದಿತ್ತು. ಆ ಸಿಟ್ಟನ್ನು ದ್ವೇಷವಾಗಲು ಬಿಡಬೇಡ, ಅರ್ಜಿಯಾಗಿಸು. ಕೇಳಿದ್ದರಿಂದ ಬದಲಾದದ್ದಿದೆ. ರಾಜ್ಯ ಪರಿಷತ್ತುಗಳು ನೋಂದಣಿಗೆ ಸಾವಿರಾರು ರೂಪಾಯಿ ಪಡೆಯುವುದನ್ನು ಕೆಲವರು ಪ್ರಶ್ನಿಸಿದರು. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್, 1961ರ ವಕೀಲರ ಕಾಯ್ದೆಯಲ್ಲಿ ಇರುವುದಕ್ಕಿಂತ ಹೆಚ್ಚು ಪಡೆಯಕೂಡದು ಎಂದಿತು: ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿ. ಸನದಿನ ದುಡ್ಡಿಗೆ ಬಾಬಾಸಾಹೇಬರು ಪರದಾಡಿ ನೂರು ವರ್ಷ ಕಳೆದ ಮೇಲೆ ಬಂದ ತೀರ್ಪು ಇದು. ತಾಳ್ಮೆಯಿಂದ ಸುಮ್ಮನಿದ್ದವರಿಂದ ಅದು ಬರಲಿಲ್ಲ.

ಉಳಿದವರಿಗೂ ಇದರಲ್ಲಿ ಪಾಠವಿದೆ. ನಾವೂ ಯಾರನ್ನಾದರೂ ಕಾಯಿಸುತ್ತಿರುತ್ತೇವೆ. ಫಲಿತಾಂಶಕ್ಕೆ ಕಾಯುವ ವಿದ್ಯಾರ್ಥಿ, ಸಂಬಳಕ್ಕೆ ಕಾಯುವ ಕೆಲಸದಾಕೆ, ಸಹಿಗೆ ಕಾಯುವ ಅರ್ಜಿದಾರ, "ನೋಡೋಣ" ಎಂಬ ಮಾತಿಗೆ ನೇತುಬಿದ್ದ ಮಗಳು.

ಇಂದಿನ ಅಭ್ಯಾಸ: ನಿಮ್ಮ ಒಂದು ಮಾತಿಗಾಗಿ ಕಾಯುತ್ತಿರುವ ಒಬ್ಬರನ್ನು ನೆನಪಿಸಿಕೊಳ್ಳಿ. ಸಂಜೆಯೊಳಗೆ ಅವರಿಗೆ ಒಂದು ದಿನಾಂಕ ಹೇಳಿ. ದಿನಾಂಕ ಗೊತ್ತಿಲ್ಲದಿದ್ದರೆ, ಯಾವತ್ತು ಹೇಳುತ್ತೇನೆ ಎಂಬುದನ್ನಾದರೂ ಹೇಳಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.