ಗುಂಡಿಗೆ ಗುರುತು

2000ದ ಜುಲೈ 30ರ ರಾತ್ರಿ ಕಾಡುಗಳ್ಳ ವೀರಪ್ಪನ್ ಗಾಜನೂರಿನ ಮನೆಗೆ ನುಗ್ಗಿ ನಟ ರಾಜಕುಮಾರ್ ಅವರನ್ನು ಕಾಡಿಗೆ ಕರೆದೊಯ್ದ. ಮರುದಿನ ಮೈಸೂರಿನಲ್ಲಿ ಅಂಗಡಿಗಳು ಬಾಗಿಲು ಹಾಕಿದ್ದವು. ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿ ಅನ್ನ ಸಾರಿನ ಮುಂದೆ ಕೂತವರೆಲ್ಲ ಸೇನಾಧಿಪತಿಗಳೇ. 'ಮಿಲಿಟರಿ ನುಗ್ಗಿಸಲಿ, ಎರಡೇ ದಿನದ ಕೆಲಸ' ಎಂದು ಗಂಟಲೇರಿಸಿದವರಲ್ಲಿ ನಾನೂ ಒಬ್ಬ. ಅಡುಗೆಯ ಸಿದ್ದಣ್ಣ ಕೊಳ್ಳೇಗಾಲದ ಕಡೆಯವರು. ಸಾರಿನ ಸೌಟು ಹಿಡಿದೇ ಕೇಳಿದರು: 'ಅಲ್ಲ ಕನ್ರಪ್ಪ, ಗುಂಡಿಗೆ ಅಣ್ಣಾವ್ರ ಗುರ್ತು ಸಿಕ್ಕದಾ?'

ನಾವು ನಕ್ಕೆವು. ನಮ್ಮ ತಲೆಯಲ್ಲಿದ್ದದ್ದು ಎಂಟೆಬೆ. 1976ರ ಜುಲೈ 4ರಂದು ಇಸ್ರೇಲಿನ ಕಮಾಂಡೋಗಳು ಉಗಾಂಡಾಕ್ಕೆ ಹಾರಿ, ಅಪಹೃತ ವಿಮಾನದ ನೂರಕ್ಕೂ ಹೆಚ್ಚು ಒತ್ತೆಯಾಳುಗಳನ್ನು ಬಿಡಿಸಿ ತಂದ ಕಥೆ. ಅಲ್ಲಿನ ವಿಮಾನ ನಿಲ್ದಾಣದ ಟರ್ಮಿನಲ್ ಕಟ್ಟಿದ್ದೇ ಇಸ್ರೇಲಿನ ಕಂಪನಿ, ಮೊದಲೇ ಬಿಡುಗಡೆಯಾಗಿದ್ದವರು ಒಳಗಿನ ಸ್ಥಿತಿಯನ್ನೆಲ್ಲ ಹೇಳಿದ್ದರು ಎಂಬುದನ್ನು ನಾನು ಓದಿದ್ದು ಬಹಳ ತಡವಾಗಿ. ಅಷ್ಟೆಲ್ಲ ಗೊತ್ತಿದ್ದೂ ಮೂವರು ಒತ್ತೆಯಾಳುಗಳು ಆ ಗುಂಡಿನ ಸುರಿಮಳೆಯಲ್ಲೇ ಸತ್ತರು. ಅವರಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಎದ್ದು ನಿಂತಿದ್ದ. ಅಪಹರಣಕಾರನೆಂದುಕೊಂಡು ಬಿಡಿಸಲು ಬಂದವರೇ ಹೊಡೆದರು. ಅದನ್ನು ಓದಿದಾಗ ಸಿದ್ದಣ್ಣನ ಸೌಟು ಕಣ್ಣಮುಂದೆ ಬಂತು. ಮಲೆಮಹದೇಶ್ವರದ ಕಾಡಿಗೆ ಯಾವ ಕಂಪನಿಯ ನಕ್ಷೆಯಿತ್ತು? ಇದ್ದದ್ದು ಒಂದೇ ನಕ್ಷೆ, ಅದು ಹಿಡಿದುಕೊಂಡು ಹೋದವನ ತಲೆಯಲ್ಲಿ.

ಹಾಗಾಗಿ ಸರ್ಕಾರಗಳು ಕಾದವು. ಕಾಡಿನಿಂದ ಕ್ಯಾಸೆಟ್ಟುಗಳು ಬಂದವು, ಸಂಧಾನಕಾರರು ಹೋಗಿ ಬಂದರು. ಕಾಯುವುದಕ್ಕೂ ಯಾರೋ ಬೆಲೆ ತೆರಬೇಕು ಎಂಬುದು ನಮಗೆ ಹೊಳೆದಿರಲಿಲ್ಲ. ವೀರಪ್ಪನ್ ಬೇಡಿಕೆಯಂತೆ ಅವನ ಸಹಚರರ ಮೇಲಿನ, ಭಯೋತ್ಪಾದನೆ ತಡೆ ಕಾಯ್ದೆ ಟಾಡಾದ ಮೊಕದ್ದಮೆ ಕೈಬಿಡಲು ಸರ್ಕಾರ ಹೊರಟಾಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಅಬ್ದುಲ್ ಕರೀಂ. ಅವರ ಮಗ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ 1992ರ ಆಗಸ್ಟ್‌ನಲ್ಲಿ ಎಸ್ಪಿ ಹರಿಕೃಷ್ಣ ಅವರೊಂದಿಗೆ ವೀರಪ್ಪನ್ ಹೊಂಚಿಗೆ ಬಲಿಯಾಗಿದ್ದರು. ನಮ್ಮ ಮೆಸ್ಸಿನಲ್ಲಿ ಆ ಮುದುಕನ ಮೇಲೆ ಸಿಟ್ಟು. ಅಣ್ಣಾವ್ರಿಗೆ ಅಡ್ಡ ಬಂದ ಎಂಬ ಸಿಟ್ಟು! ಮಗನನ್ನು ಕಳಕೊಂಡವರ ಬಳಿ ನಮ್ಮ ನೆಮ್ಮದಿಗಾಗಿ ಇನ್ನಷ್ಟು ಕೇಳುತ್ತಿದ್ದೇವೆಂದು ಒಬ್ಬನಿಗಾದರೂ ಅನ್ನಿಸಬೇಡವೇ? ನವೆಂಬರ್ 7ರಂದು ಕೋರ್ಟು ಅವರ ಪರ ತೀರ್ಪಿತ್ತಿತು. 15ರಂದು, 108 ದಿನಗಳ ನಂತರ, ರಾಜಕುಮಾರ್ ಹೊರಬಂದರು. ಪಟಾಕಿ ಹೊಡೆದೆವು, ಸಿದ್ದಣ್ಣ ಕೇಸರಿಬಾತ್ ಮಾಡಿದರು. ಕರೀಂ ಅವರ ಹೆಸರನ್ನು ಆ ದಿನ ಯಾರೂ ಎತ್ತಲಿಲ್ಲ.

2002ರ ಆಗಸ್ಟ್ 25ರಂದು ಮಾಜಿ ಸಚಿವ ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದಲೇ ವೀರಪ್ಪನ್ ಹೊತ್ತೊಯ್ದ. ಅವರು ಕಾಡಿನಲ್ಲಿದ್ದಾಗಲೇ, ಅಕ್ಟೋಬರಿನಲ್ಲಿ, ಮಾಸ್ಕೋದ ರಂಗಮಂದಿರವೊಂದರಲ್ಲಿ ಸೆರೆಯಾಗಿದ್ದವರನ್ನು ಬಿಡಿಸಲು ರಷ್ಯದ ಪಡೆ ಒಳಗೆ ಪ್ರಜ್ಞೆ ತಪ್ಪಿಸುವ ಅನಿಲ ಬಿಟ್ಟಿತು. ಸೆರೆ ಹಿಡಿದಿದ್ದವರೆಲ್ಲ ಹತರಾದರು. ಒತ್ತೆಯಾಳುಗಳೂ ನೂರಕ್ಕೂ ಮಿಕ್ಕಿ ಸತ್ತರು, ಬಹುಪಾಲು ಆ ಅನಿಲದಿಂದಲೇ. ಅದು ಎಂಥ ಅನಿಲವೆಂದು ಡಾಕ್ಟರುಗಳಿಗೂ ಹೇಳಿರಲಿಲ್ಲ. ಟೀವಿಯಲ್ಲಿ ಅದನ್ನು ನೋಡಿದ ಮೇಲೆ 'ಮಿಲಿಟರಿ ನುಗ್ಗಿಸಲಿ' ಎನ್ನಲು ನನಗೆ ಬಾಯಿ ಬರಲಿಲ್ಲ. 'ಕಾಯಲಿ' ಎನ್ನಲೂ ಬರಲಿಲ್ಲ.

ಡಿಸೆಂಬರ್ 8ರಂದು ನಾಗಪ್ಪನವರ ಶವ ಸಿಕ್ಕಿತು. ಗುಂಡು ಯಾರದೆಂಬ ಜಗಳ ಶುರುವಾಯಿತು. ಅಷ್ಟು ಹೊತ್ತಿಗೆ ಸಿದ್ದಣ್ಣ ಕೆಲಸ ಬಿಟ್ಟು ಊರು ಸೇರಿದ್ದರು. ಅವರ ಊರಿಂದ ಕಾಮಗೆರೆಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ.