ಕಣ್ಣು ಹೇಳುವ ಕಣಿ

ಹಣೆಬರಹವನ್ನು ಓದಬಲ್ಲವರಿಲ್ಲ ಎಂಬುದು ಹಿರಿಯರ ಮಾತು. ಹಣೆಗಿಂತ ಎರಡು ಬೆರಳು ಕೆಳಗೆ, ಕಣ್ಣಿನೊಳಗೆ, ಒಂದು ಬರಹವಿದೆ; ಅದನ್ನು ಓದಬಹುದು ಎನ್ನುತ್ತದೆ ವೈದ್ಯಶಾಸ್ತ್ರ. ಕಣ್ಣಿನ ಒಳಗನ್ನು ನೋಡುವ ಉಪಕರಣದ ವಿವರವನ್ನು ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ. ಮೈಯನ್ನು ಕೊಯ್ಯದೆ ರಕ್ತನಾಳಗಳನ್ನು ಅಷ್ಟು ಸ್ಪಷ್ಟವಾಗಿ ಕಾಣಲು ಅಕ್ಷಿಪಟಲದಂಥ ಜಾಗ ಬೇರೊಂದಿಲ್ಲ. ಅದು ಗರ್ಭದಲ್ಲಿ ಮಿದುಳಿನಿಂದಲೇ ಚಿಗುರಿದ್ದು. ಹಾಗಾಗಿ ಮಿದುಳಿನ ನಾಳಗಳ ಕ್ಷೇಮಸಮಾಚಾರವನ್ನು ಕಣ್ಣಿನಲ್ಲಿ ಹುಡುಕುವುದು ಸಹಜವೇ.

ಅಧಿಕ ರಕ್ತದೊತ್ತಡದ ರೋಗಿಗಳು ಎಷ್ಟು ಕಾಲ ಬದುಕಿಯಾರು ಎಂಬುದಕ್ಕೆ ಅಕ್ಷಿಪಟಲದಲ್ಲಿ ಸೂಚನೆಯಿದೆಯೆಂದು ಅಮೆರಿಕದ ಕೀತ್, ವ್ಯಾಗನರ್, ಬಾರ್ಕರ್ ಎಂಬ ವೈದ್ಯರು 1939ರಲ್ಲೇ ತೋರಿಸಿದ್ದರು. ಈಗಿನ ಸಂಶೋಧಕರ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು: ಪಾರ್ಶ್ವವಾಯು ಬಡಿದವರ ಕಣ್ಣಿನಲ್ಲಿ ನಾಳಗಳು ಎಷ್ಟು ಕಿರಿದಾಗಿವೆ, ಹೇಗೆ ಕವಲೊಡೆದಿವೆ ಎಂದು ಚಿತ್ರ ತೆಗೆದು ಅಳೆದರೆ, ಅವರು ಎಷ್ಟರಮಟ್ಟಿಗೆ ಚೇತರಿಸಿಕೊಂಡಾರು ಎಂದು ಹೇಳಬಹುದೆ?

ಹೇಳಬಹುದು ಎಂದೇ ಇಟ್ಟುಕೊಳ್ಳೋಣ. ಹೇಳಬೇಕೆ?

ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದಾಗ ಎಲ್ಲರೂ ವೈದ್ಯರನ್ನು ಕೇಳುವುದು ಒಂದೇ ಮಾತು: ‘ಮತ್ತೆ ಎದ್ದು ಓಡಾಡುತ್ತಾರೆಯೆ?’ ಆ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಮಗ ಎಷ್ಟು ದಿನ ರಜೆ ಹಾಕಬೇಕು, ಸಾಲ ಮಾಡಬೇಕೆ, ಸೊಸೆ ಕೆಲಸ ಬಿಡಬೇಕೆ ಎಂಬುದೆಲ್ಲ ಅದರ ಬೆನ್ನಿಗಿದೆ. ಗೊತ್ತಿದ್ದೂ ಉತ್ತರ ಹೇಳದಿರುವುದು ದಯೆಯಾಗದು.

ಆದರೆ ಇಲ್ಲೊಂದು ತೊಡಕಿದೆ. ಪಂಚಾಂಗದಲ್ಲಿ ಗ್ರಹಣದ ಹೊತ್ತನ್ನು ಬರೆದರೆ ಸೂರ್ಯ ಅದನ್ನು ಓದುವುದಿಲ್ಲ. ರೋಗಿ ಓದುತ್ತಾನೆ, ಅವನಿಗಿಂತ ಮೊದಲು ಅವನ ಮನೆಯವರು ಓದುತ್ತಾರೆ. ‘ಇವರು ಏಳುವುದು ಕಷ್ಟ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅಂಗಸಾಧನೆ ಮಾಡಿಸುವವನ ಕೈ ಸಡಿಲವಾಗುತ್ತದೆ. ರೋಗಿ ಏಳುವುದಿಲ್ಲ. ಭವಿಷ್ಯ ನಿಜವಾಯಿತೆಂದು ಎಲ್ಲರೂ ತಲೆದೂಗುತ್ತಾರೆ. ಇದು ಬರಿಯ ಊಹೆಯಲ್ಲ. ಮಿದುಳಿನಲ್ಲಿ ರಕ್ತಸ್ರಾವವಾದವರನ್ನು ಕುರಿತು ಅಮೆರಿಕದ ಸಿಯಾಟಲ್‌ನ ವೈದ್ಯರು 2001ರಲ್ಲಿ ಇದನ್ನೇ ಎಚ್ಚರಿಸಿದರು: ಬದುಕಲಾರರೆಂದು ಎಣಿಸಿ ಚಿಕಿತ್ಸೆಯನ್ನು ಹಿಂತೆಗೆದರೆ ಸಾವು ಬರುತ್ತದೆ, ಆ ಸಾವೇ ಮುಂದಿನ ಲೆಕ್ಕಾಚಾರಕ್ಕೆ ಪುರಾವೆಯಾಗಿ ಸೇರುತ್ತದೆ.

ಇನ್ನೊಂದು ಮಾತು. ನಾಳದ ಚಿತ್ರ ಹೇಳುವುದು ಹತ್ತಾರು ವರ್ಷಗಳ ರಕ್ತದೊತ್ತಡದ, ಸಕ್ಕರೆ ಕಾಯಿಲೆಯ, ಹೊಗೆಸೊಪ್ಪಿನ ಕಥೆಯನ್ನು, ಅಂದರೆ ಆಗಿಹೋದದ್ದನ್ನು. ಅದರಿಂದ ‘ಇಂಥ 10 ಮಂದಿಯಲ್ಲಿ 7 ಮಂದಿ ನಡೆಯಲಾರರು’ ಎಂಬ ಲೆಕ್ಕ ಹೊರಟಿತೆನ್ನಿ. ಮಂಚದ ಮೇಲಿರುವವರು 10 ಮಂದಿಯಲ್ಲ, ಒಬ್ಬರು. ಅವರು 7ರೊಳಗೋ 3ರೊಳಗೋ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ.

ಹಾಗೆಂದು ಸುಳ್ಳು ಭರವಸೆ ಕೊಡಬೇಕೆಂದಲ್ಲ. ಏಳಲಾರದವರನ್ನು ಎದ್ದೇಳೆಂದು ದಿನವೂ ಕಾಡುವುದೂ ಹಿಂಸೆಯೇ. ನನಗೆ ತೋಚುವುದಿಷ್ಟು: ಭವಿಷ್ಯ ಹೇಳುವವನು ದೂರ ನಿಂತ ಸಾಕ್ಷಿಯಲ್ಲ, ಆಗಲಿರುವುದರಲ್ಲಿ ಅವನಿಗೂ ಪಾಲಿದೆ. ಆದ್ದರಿಂದ ಕಣ್ಣಿನ ಚಿತ್ರದಲ್ಲಿ ಕೆಟ್ಟ ಸೂಚನೆ ಕಂಡರೆ ಅದು ಆರೈಕೆಯನ್ನು ಹೆಚ್ಚಿಸಲು, ಮನೆಯನ್ನು ಅಣಿಗೊಳಿಸಲು ನೆವವಾಗಲಿ; ಕೈಬಿಡಲು ನೆವವಾಗದಿರಲಿ. ವೈದ್ಯರು ಲೆಕ್ಕವನ್ನು ಹೇಳಲಿ, ಜೊತೆಗೆ ಆ ಲೆಕ್ಕದಲ್ಲಿ ಸೇರದೆ ಉಳಿದದ್ದನ್ನೂ ಹೇಳಲಿ. ಬೆಳಗ್ಗೆ ಸಂಜೆ ಯಾರು ಬಂದು ಆ ಕೈಯನ್ನು ಹಿಡಿದು ಎತ್ತಿ ಇಳಿಸುತ್ತಾರೆ ಎಂಬುದು ಯಾವ ನಾಳದಲ್ಲೂ ಬರೆದಿರುವುದಿಲ್ಲ.