ಆತ್ಮದ ಲೆಕ್ಕ, ಹೊಟ್ಟೆಯ ಲೆಕ್ಕ

ಕೇರಿಯ ಮನುಷ್ಯನೊಬ್ಬ ಚರ್ಚಿನ ಹೊಸ್ತಿಲು ತುಳಿದ ಅಂದರೆ ಸಾಕು, ಊರ ದೊಡ್ಡವರ ಬಾಯಲ್ಲಿ ಒಂದೇ ಮಾತು: 'ಗೋಧಿಗೆ ಹೋದ, ಹಾಲಿನ ಪುಡಿಗೆ ಹೋದ, ಮಗನ ಫೀಸಿಗೆ ಹೋದ.' ಅವನು ದೇವರನ್ನು ಹುಡುಕಿಕೊಂಡು ಹೋಗಿರಬಹುದು ಅಂತ ಯಾರಿಗೂ ಅನ್ನಿಸುವುದಿಲ್ಲ. ಹಸಿದವನಿಗೆ ಹೊಟ್ಟೆ ಮಾತ್ರ ಇರುತ್ತದೆ, ಆತ್ಮ ಇರುವುದಿಲ್ಲ ಎಂಬುದೇ ಈ ಮಾತಿನ ಒಳಗೆ ಕೂತಿರುವ ಸಿದ್ಧಾಂತ. ಇದನ್ನು ನಾವು ಇವತ್ತು ಬಿಚ್ಚಿ ನೋಡಬೇಕಾಗಿದೆ. ಅನ್ನಕ್ಕಾಗಿ, ಅಕ್ಷರಕ್ಕಾಗಿ ಬದಲಾಯಿಸಿದ ಧರ್ಮ ಸುಳ್ಳು ಧರ್ಮವೇ? ಹಾಗಂತ ತೀರ್ಪು ಕೊಡುವ ಹಕ್ಕು ಯಾರದು?

ಮೊದಲು ನಮ್ಮ ನೆಲದ ಚರಿತ್ರೆ ನೋಡೋಣ. 1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಆಮೇಲೆ ಶಾಲೆ ಬಂತು, ಅಚ್ಚುಕೂಟ ಬಂತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. 1894ರಲ್ಲಿ ಕಿಟೆಲ್ ಅವರ ನಿಘಂಟು ಅಚ್ಚಾಯಿತು. ಇಷ್ಟನ್ನು ನಮ್ಮ ಪಂಡಿತರು ಕೈಮುಗಿದು ಒಪ್ಪಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಕಿಟೆಲ್ ಪ್ರತಿಮೆಯೇ ನಿಂತಿದೆ. ಆದರೆ ಕಿಟೆಲ್ ಹಡಗು ಹತ್ತಿ ಬಂದದ್ದು ನಿಘಂಟು ಬರೆಯೋದಕ್ಕಲ್ಲ, ಸುವಾರ್ತೆ ಸಾರೋದಕ್ಕೆ. ನಮ್ಮ ವಿದ್ವಾಂಸರಿಗೆ ಆ ಪಾದ್ರಿಯ ನಿಘಂಟು ಬೇಕು. ಆ ಪಾದ್ರಿಯ ಮಾತು ಕೇಳಿ ಎದ್ದು ನಿಂತ ಬಡವ ಮಾತ್ರ ಬೇಡ!

ಆ ಬಡವ ಯಾರು? ಕರಾವಳಿಯಲ್ಲಿ ಬಾಸೆಲ್ ಮಿಶನ್ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಶೇಂದಿ ಇಳಿಸುವವರು, ಒಡೆಯರ ಭೂಮಿ ಗೇಯುವ ಒಕ್ಕಲುಗಳು. ದೀಕ್ಷೆ ಆದ ದಿನವೇ ಅವರ ಕಷ್ಟ ಶುರುವಾಗುತ್ತಿತ್ತು. ಶೇಂದಿಯ ಕಸುಬು ಪಾಪ, ಬಿಡು ಅಂತ ಮಿಶನ್ ಹೇಳಿತು. ಭೂತದ ಕೋಲಕ್ಕೆ ಬರದ ಒಕ್ಕಲು ನಮಗೆ ಬೇಡ ಅಂತ ಒಡೆಯ ಹೇಳಿದ. ಮನೆಯವರು ಮುಟ್ಟಲಿಲ್ಲ, ಜಾತಿಯವರು ಸೇರಿಸಲಿಲ್ಲ. ಹೀಗೆ ಬೀದಿಗೆ ಬಿದ್ದವರಿಗೆ ಕೆಲಸ ಕೊಡಲೇಬೇಕಾಗಿ ಬಂದು ಮಿಶನ್ ಮಗ್ಗ ಹಾಕಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಗೆಳೆಯರೇ, ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನು ಗಮನಿಸಿ. 'ಆಮಿಷ' ಅಂತ ಇವರು ಕರೆಯುವ ಆ ಕೂಲಿ ಬಂದದ್ದು, ಇದ್ದ ಅನ್ನವನ್ನು ಕಳಕೊಂಡ ಮೇಲೆ. ಆ ಕೂಲಿಕಾರರ ಕಾಲದಿಂದ ಮಂಗಳೂರು ಹೆಂಚು ಎಷ್ಟೋ ದೇವಸ್ಥಾನಗಳ ಮಾಡಿನ ಮೇಲೆ ಕೂತಿದೆ. ಹೆಂಚಿಗೆ ಮೈಲಿಗೆ ಇಲ್ಲ, ಅದನ್ನು ಸುಟ್ಟ ಕೈಗೆ ಮಾತ್ರ ಮೈಲಿಗೆ.

ಅಕ್ಷರದ ವಿಷಯವೂ ಹೀಗೇ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಮಹಾರ್ ಜಾತಿಯ ಹುಡುಗನೊಬ್ಬ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಹುಡುಗ ಅರ್ಜಿ ಬರೆದ. ಒಬ್ಬ ಹುಡುಗನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುವಂತೆ ಮಾಡಲಾಗದು ಅನ್ನೋ ಅರ್ಥದಲ್ಲಿ ಮುಂಬಯಿ ಸರ್ಕಾರ ಕೈತೊಳೆದುಕೊಂಡಿತು. ಸರ್ಕಾರದ ಬಾಗಿಲು ಮುಚ್ಚಿದಾಗ ಪಾದ್ರಿಯ ಬಾಗಿಲು ತೆರೆದಿದ್ದರೆ, ಆ ಬಾಗಿಲಿಗೆ ಹೋದವನದು ತಪ್ಪೋ, ಈ ಬಾಗಿಲು ಮುಚ್ಚಿದವರದು ತಪ್ಪೋ?

ಇನ್ನು ಉದ್ದೇಶ ಶುದ್ಧವಾಗಿರಬೇಕು ಎಂಬ ಮಾತು. ಗೌಡರ ಮಗ ಪಾಸಾಗಲಿ ಅಂತ ತಿರುಪತಿಗೆ ಮುಡಿ ಹರಕೆ ಹೊರುತ್ತಾರೆ. ಅದು ಭಕ್ತಿ. ಸಾಹುಕಾರರು ವ್ಯಾಪಾರ ಏಳಲಿ ಅಂತ ಲಕ್ಷ್ಮೀಪೂಜೆ ಮಾಡುತ್ತಾರೆ. ಅದೂ ಭಕ್ತಿಯೇ. ಕೇರಿಯ ತಾಯಿ ತನ್ನ ಮಗ ಓದಲಿ ಅಂತ ಯೇಸುವಿನ ಮುಂದೆ ಮಂಡಿಯೂರಿದರೆ ಮಾತ್ರ ಅದು ಆಮಿಷ. ಯಾಕಪ್ಪಾ ಈ ಎರಡು ತಕ್ಕಡಿ? ಉಂಡವನ ಪ್ರಾರ್ಥನೆಯಲ್ಲಿ ಲೋಕದ ಆಸೆ ಇರಬಹುದು, ಹಸಿದವನ ಪ್ರಾರ್ಥನೆಯಲ್ಲಿ ಇರಕೂಡದು ಅನ್ನೋದು ಯಾವ ನ್ಯಾಯ? ಮರ್ಯಾದೆಯಿಂದ ಬದುಕಬೇಕೆಂಬ ಆಸೆಗಿಂತ ದೊಡ್ಡ ಧಾರ್ಮಿಕ ಆಸೆ ಇದ್ದರೆ ಯಾರಾದರೂ ತೋರಿಸಲಿ.

1936ರಲ್ಲಿ ಗಾಂಧೀಜಿ, ಜಾನ್ ಮಾಟ್ ಎಂಬ ಅಮೆರಿಕದ ಮಿಶನರಿ ಮುಖಂಡರೊಂದಿಗೆ ಮಾತಾಡುತ್ತಾ, ಹಸುವಿಗೆ ಸುವಾರ್ತೆ ಬೋಧಿಸುತ್ತೀರಾ ಅಂತ ಕೇಳಿದ್ದರು. ಕೆಲವು ಹರಿಜನರ ತಿಳುವಳಿಕೆ ಅದಕ್ಕಿಂತ ಕಡಿಮೆ ಎಂಬುದು ಅವರ ವಾದವಾಗಿತ್ತು. ಎಂಬತ್ತಾರು ವರ್ಷ ಕಳೆದ ಮೇಲೆ, 2022ರ ಕರ್ನಾಟಕದ ಮತಾಂತರ ಕಾಯ್ದೆ ಅದೇ ಮಾತನ್ನು ಕಾನೂನಿನ ಭಾಷೆಯಲ್ಲಿ ಬರೆಯಿತು. ಆಮಿಷ ಒಡ್ಡಿ ಇತರರನ್ನು ಮತಾಂತರಿಸಿದರೆ ಮೂರರಿಂದ ಐದು ವರ್ಷ ಜೈಲು. ಅಪ್ರಾಪ್ತರು, ಬುದ್ಧಿ ಸ್ವಾಧೀನವಿಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರನ್ನು ಮತಾಂತರಿಸಿದರೆ ಮೂರರಿಂದ ಹತ್ತು ವರ್ಷ. ಈ ಪಟ್ಟಿಯನ್ನು ಇನ್ನೊಂದು ಸಲ ಓದಿಕೊಳ್ಳಿ. ಎಂ.ಎ. ಮಾಡಿದ ದಲಿತ, ಪಾಠ ಹೇಳುವ ಮೇಷ್ಟ್ರಮ್ಮ, ಹಾಲು ಕುಡಿಯುವ ಮಗು, ಎಲ್ಲರೂ ಒಂದೇ ಸಾಲಿನಲ್ಲಿ! 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಮಂತ್ರಿಮಂಡಲ ಈ ಕಾಯ್ದೆಯನ್ನು ರದ್ದು ಮಾಡುವ ತೀರ್ಮಾನ ತೆಗೆದುಕೊಂಡಿತು. ಆದರೆ ರಕ್ಷಣೆಯ ಹೆಸರಿನಲ್ಲಿ ನಮಗೆ ಬುದ್ಧಿಯಿಲ್ಲ ಅಂತ ಬರೆದ ಆ ಮನಸ್ಸು ಯಾವ ತೀರ್ಮಾನದಿಂದಲೂ ರದ್ದಾಗುವುದಿಲ್ಲ.

ಇಷ್ಟು ಹೇಳಿದೆವು ಅಂತ ಪಾದ್ರಿಗಳು ಬೀಗಬೇಕಾಗಿಲ್ಲ. ಅವರಿಗೂ ನಮ್ಮ ಪ್ರಶ್ನೆ ಇದೆ. 1606ರಲ್ಲಿ ಮದುರೆಗೆ ಬಂದ ರಾಬರ್ಟೋ ಡಿ ನೊಬಿಲಿ ಕಾವಿ ತೊಟ್ಟರು, ಮಾಂಸ ಬಿಟ್ಟರು, ಬ್ರಾಹ್ಮಣ ಸನ್ಯಾಸಿಯ ಹಾಗೆ ಬಾಳಿದರು. ಪರರ ಸಂಸ್ಕೃತಿಗೆ ತಲೆಬಾಗಿ ಧರ್ಮ ಸಾರುವ ದೊಡ್ಡ ಮಾದರಿ ಅಂತ ಇದನ್ನು ಹೊಗಳುವವರಿದ್ದಾರೆ. ಯಾರ ಸಂಸ್ಕೃತಿಗೆ ತಲೆಬಾಗಿದರು? ಹೊಲೆಯರ ಸಂಸ್ಕೃತಿಗೆ ಅಲ್ಲ. ಮೇಲಿನವರು ದೂರ ಸರಿದಾರು ಅಂತ ಕೆಳಗಿನವರನ್ನು ದೂರ ಇಟ್ಟರು. ಅವರಿಗಾಗಿ ಪಂಡಾರಸ್ವಾಮಿಗಳೆಂಬ ಬೇರೆ ಪಾದ್ರಿಗಳನ್ನೇ ಮಾಡಿದರು. ಕ್ರೈಸ್ತನಾದ ಬ್ರಾಹ್ಮಣ ಜನಿವಾರ ಉಳಿಸಿಕೊಳ್ಳಬಹುದು ಅಂತ 1623ರಲ್ಲಿ ಪೋಪರೇ ಅಪ್ಪಣೆ ಕೊಟ್ಟರು. 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಜಾತಿ ಬಿಟ್ಟೇ ತೀರಬೇಕು ಅಂತ ತಮಿಳು ಸೀಮೆಯ ಸಭೆಗಳಿಗೆ ಆಜ್ಞೆ ಬರೆದರೆ, ಮೇಲ್ಜಾತಿಯ ಕ್ರೈಸ್ತರು ಬಹಳ ಮಂದಿ ಚರ್ಚನ್ನೇ ಬಿಟ್ಟರು, ಜಾತಿ ಬಿಡಲಿಲ್ಲ. ತಿರುಚಿನಾಪಳ್ಳಿಯ ಸ್ಮಶಾನದಲ್ಲಿ ದಲಿತ ಕ್ರೈಸ್ತರ ಗೋರಿಗೂ ಉಳಿದವರ ಗೋರಿಗೂ ನಡುವೆ ಗೋಡೆ ಎದ್ದಿತು. ಹೆಣಕ್ಕೂ ಜಾತಿ!

ಜಾತಿ ಒಪ್ಪದ ಬಾಸೆಲ್ ಮಿಶನ್ನಿನಲ್ಲೂ ಇನ್ನೊಂದು ತೊಡಕಿತ್ತು. ದೇವರ ಮಾತು ಹೇಳುವವರು, ಕೂಲಿ ಕೊಡುವವರು, ಇರಲು ಮನೆ ಕೊಡುವವರು ಎಲ್ಲರೂ ಒಬ್ಬರೇ. ಧಣಿಯ ಕೈಯಿಂದ ತಪ್ಪಿಸಿಕೊಂಡು ಬಂದವನು ಇನ್ನೊಬ್ಬ ದಯಾಳು ಧಣಿಯ ಕೈಗೆ ಬಿದ್ದ. ದಯೆಗೂ ಒಂದು ಹಗ್ಗ ಇರುತ್ತದೆ.

ಇವರಿಬ್ಬರ ನಡುವೆ ಸರ್ಕಾರದ ಲೆಕ್ಕ ಇನ್ನೂ ವಿಚಿತ್ರ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. ಮದ್ರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಚಮ್ಮಾರನಿಗೆ ಸರ್ಕಾರದ ಪೆಟ್ಟಿಗೆ ಅಂಗಡಿ ಸಿಗಲಿಲ್ಲ, ಯಾಕಂದರೆ ಆತ ಕ್ರೈಸ್ತ. ಮತಾಂತರದ ಮೇಲೂ ಜಾತಿಯ ಕಷ್ಟ ಅಷ್ಟೇ ತೀವ್ರವಾಗಿದೆ ಅನ್ನೋದಕ್ಕೆ ಆಧಾರ ಸಾಲದು ಅಂತ 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈ ಷರತ್ತು ತೆಗೆಯಿರಿ ಅಂತ 2007ರಲ್ಲಿ ರಂಗನಾಥ ಮಿಶ್ರ ಆಯೋಗ ವರದಿ ಕೊಟ್ಟಿತು. 2022ರಲ್ಲಿ ಮತ್ತೊಂದು ಆಯೋಗ ಕೂತಿತು. ಊರವರು ಕೇಳುತ್ತಾರೆ: 'ಎಲ್ಲಿಗೆ ಹೋದರೂ ನೀನು ಹೊಲೆಯನೇ ಅಲ್ಲವಾ?' ಸರ್ಕಾರ ಕೇಳುತ್ತದೆ: 'ನೀನು ಹೊಲೆಯ ಅನ್ನೋದಕ್ಕೆ ಸರ್ಟಿಫಿಕೇಟ್ ಎಲ್ಲಿ?' ಹಾಗಾದರೆ ಯಾರು ಯಾರಿಗೆ ಆಮಿಷ ಒಡ್ಡುತ್ತಿದ್ದಾರೆ? ಧರ್ಮ ಬಿಟ್ಟರೆ ಸ್ಕಾಲರ್‌ಶಿಪ್ ಇಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲ ಅಂತ ಹೇಳಿ ಒಂದು ಧರ್ಮದೊಳಗೆ ಕಟ್ಟಿಹಾಕುವುದು ಆಮಿಷವಲ್ಲವೇ?

ಬಾಬಾಸಾಹೇಬರು ಎರಡೂ ಕಡೆ ನೋಡಿದವರು. ಲೋಕದ ಲಾಭಕ್ಕಾಗಿ ಆಗುವ ಮತಾಂತರ ಪೊಳ್ಳು ಎಂಬವರಿಗೆ, ಇತಿಹಾಸದ ಮತಾಂತರಗಳೆಲ್ಲ ಹೇಗೆ ಆದವು ನೋಡಿ ಅಂತ ತಿರುಗಿ ಕೇಳಿದರು. ಕ್ರೈಸ್ತರಾದ ಮೇಲೂ ಜಾತಿಯನ್ನು ಹೊತ್ತು ತಿರುಗುವವರನ್ನೂ ಬಿಡಲಿಲ್ಲ. 1935ರಲ್ಲಿ ಯೇವಲಾದಲ್ಲಿ ಹಿಂದೂವಾಗಿ ಸಾಯಲಾರೆ ಅಂದವರು 1956ರಲ್ಲಿ ನಾಗಪುರದಲ್ಲಿ ಬೌದ್ಧರಾದರು. ನಡುವೆ ಇಪ್ಪತ್ತೊಂದು ವರ್ಷ ವಿಚಾರ ಮಾಡಿದರು. ಯಾರೂ ಅವರನ್ನು ಕೈಹಿಡಿದು ಕರಕೊಂಡು ಹೋಗಲಿಲ್ಲ.

ಧರ್ಮವೆಲ್ಲ ಅಫೀಮು, ಈ ಚರ್ಚೆಯೇ ದಂಡ ಅನ್ನುವ ಸಂಗಾತಿಗಳಿದ್ದಾರೆ. ಅಫೀಮೇ ಇರಬಹುದು. ಆದರೆ ಬೇಡ ಅನ್ನುವ ಹಕ್ಕು, ಬೇಕು ಅನ್ನುವ ಹಕ್ಕು ಎರಡೂ ನಮ್ಮ ಜನರ ಕೈಯಲ್ಲಿರಬೇಕು. ಆದ್ದರಿಂದ ಶಾಲೆಯಲ್ಲಿ, ಸಂಘದಲ್ಲಿ, ಚಾವಡಿಯಲ್ಲಿ ಈ ಮಾತು ಬಂದಾಗ 'ಯಾಕೆ ಹೋದೆ' ಅಂತ ಹೋದವನನ್ನು ಮಾತ್ರ ಕೇಳಿ ಸುಮ್ಮನಾಗಬೇಡಿ. ಅವನು ಬಿಟ್ಟು ಬಂದ ಊರನ್ನು ಕೇಳಿ: ಅವನಿಗೆ ನೀರು ಕೊಟ್ಟಿದ್ದಿರಾ? ಅವನು ಸೇರಿದ ಸಭೆಯನ್ನು ಕೇಳಿ: ಅವನಿಗೆ ಹೆಣ್ಣು ಕೊಡುತ್ತೀರಾ? ಸಭೆ ನಡೆಸುವ ಕುರ್ಚಿ ಕೊಡುತ್ತೀರಾ? ಈ ಪ್ರಶ್ನೆಗಳಿಗೆ ಉತ್ತರ ಕೊಡಲಾರದವರು ಯಾರೇ ಆಗಲಿ, ಅವನ ಆತ್ಮದ ಲೆಕ್ಕ ಬರೆಯಲು ಕೂರಕೂಡದು.